ಲೋಹದ ಎಲುಬು ಬರುವತನಕ

“ಗಡ್ಡಿ ಕಾಲಾಗ ಐತಿ, ತಗದ್ ಒಗೀರಲ್ರಿ. ಇಷ್ಟು ವಾರ ಸಲೈನ್ ಯಾಕ ಹಚ್ಚತೀರಿ?” ಜಮಖಂಡಿ, ಮುಧೋಳ ಕಡೆಯ ತಂದೆತಾಯಿ ಡಾಕ್ಟರ ಮುಂದೆ ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆಸ್ಟಿಯೋಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರ್ ಜಾಸ್ತಿ ಬರುವುದು ಹದಿಹರೆಯದವರಿಗೆ, ಅದೂ ಮೊಣಕಾಲಿನ ಹತ್ತಿರ. ಕಬಡ್ಡಿಯಲ್ಲಿ ಬಿದ್ದ ಪೆಟ್ಟು ಅಂದುಕೊಂಡು ಎಣ್ಣೆ ತಿಕ್ಕುವುದರಲ್ಲೇ ದಿನ ಹೋಗಿರುತ್ತವೆ. ಆಪರೇಷನ್ನಿಗೆ ಮೊದಲು ವಾರಗಟ್ಟಲೆ ಸಲೈನ್ ಮೂಲಕ ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧ, ಕೊಡಬೇಕು, ಮತ್ತೆ ಕಾಯಿರಿ ಅಂದರೆ ಯಾರ ಜೀವ ತಡೆದೀತು?

1970ಕ್ಕೆ ಮೊದಲು ಯಾರೂ ಕಾಯುತ್ತಿರಲಿಲ್ಲ. ಕಾಲನ್ನೇ ಕತ್ತರಿಸುತ್ತಿದ್ದರು. ಆದರೂ 100ರಲ್ಲಿ ಸುಮಾರು 80 ಮಂದಿ ಉಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಅಷ್ಟರಲ್ಲೇ ಶ್ವಾಸಕೋಶ ಸೇರಿರುತ್ತಿದ್ದವು. 1970ರ ದಶಕದಲ್ಲಿ ಮೆಥೋಟ್ರೆಕ್ಸೇಟ್, ಡಾಕ್ಸೊರುಬಿಸಿನ್ ಔಷಧಗಳು ಈ ರೋಗದ ಮೇಲೆ ಕೆಲಸ ಮಾಡುತ್ತವೆ ಎಂದು ಗೊತ್ತಾಯಿತು.

ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಕ್ಯಾನ್ಸರ್ ಆಸ್ಪತ್ರೆ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಕಾಲು ಉಳಿಸುವ ಪ್ರಯತ್ನ ನಡೆದಿತ್ತು. ಕೆಟ್ಟ ಎಲುಬು ತೆಗೆದು ಅಳತೆಗೆ ತಕ್ಕ ಲೋಹದ ಎಲುಬು ಕೂರಿಸಬೇಕು. ಅದು ತಯಾರಾಗಿ ಬರಲು ತಿಂಗಳುಗಳೇ ಬೇಕಿತ್ತು. ಅಲ್ಲಿಯತನಕ ಸುಮ್ನೆ ಕೂರುವುದೇಕೆ ಎಂದು ಅಲ್ಲಿಯ ಡಾಕ್ಟರ್ ಜೆರಾಲ್ಡ್ ರೋಸೆನ್ ಅವರ ತಂಡ ಕೀಮೋ ಶುರುಮಾಡಿತು. ಕಾಯುವ ದಿನಗಳೇ ಹೀಗೆ ಚಿಕಿತ್ಸೆಯ ದಿನಗಳಾದವು.

ಗಡ್ಡೆಯೊಳಗೆ ಏನಾಗುತ್ತದೆ? ಇಳಕಲ್‌ನ ಮಗ್ಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಜೀವಕೋಶ ಎರಡಾಗಬೇಕಾದರೆ ಡಿಎನ್‌ಎ ಎಂಬ ನೂಲನ್ನು ಮತ್ತೆ ನೂಲಬೇಕು. ಮೆಥೋಟ್ರೆಕ್ಸೇಟ್ ಆ ನೂಲಿಗೆ ಬೇಕಾದ ಹತ್ತಿಯನ್ನೇ ತಡೆಯುತ್ತದೆ. ಸಿಸ್ಪ್ಲಾಟಿನ್ ಎಂಬ ಇನ್ನೊಂದು ಔಷಧ ಎಳೆಗಳನ್ನು ಗಂಟು ಹಾಕುತ್ತದೆ. ಡಾಕ್ಸೊರುಬಿಸಿನ್ ತುಂಡಾದ ಎಳೆ ಮತ್ತೆ ಕೂಡದಂತೆ ನೋಡಿಕೊಳ್ಳುತ್ತದೆ. ನೂಲು ಇಷ್ಟು ಕೆಟ್ಟ ಮೇಲೆ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚರಾಗುತ್ತವೆ. ಅವು ಕೋಶವನ್ನು ಒಳಗಿನಿಂದಲೇ ಬಿಚ್ಚಿಹಾಕುತ್ತವೆ. 1972ರಲ್ಲಿ ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಎಲೆ ಉದುರುವುದು ಎಂದರ್ಥ. ಆದರೆ ಎಲ್ಲ ಕೋಶವೂ ಉದುರುವುದಿಲ್ಲ. ‘ಸಾಕು, ಸಾಯಿ’ ಎಂದು ಹೇಳುವ ಪಿ53 ವಂಶವಾಹಿಯೇ ಈ ಕ್ಯಾನ್ಸರ್‌ನಲ್ಲಿ ಹಲವು ಸಲ ಕೆಟ್ಟಿರುತ್ತದೆ.

ಕೀಮೋದಿಂದ ಗಡ್ಡೆ ಎಷ್ಟು ಸತ್ತಿತು ಎಂದು ತಿಳಿಯಲು ಪೆಥಾಲಜಿಸ್ಟ್ (ದೇಹದಿಂದ ತೆಗೆದ ಭಾಗ ಪರೀಕ್ಷಿಸುವ ಡಾಕ್ಟರ್) ಆಂಡ್ರ್ಯೂ ಹುವೋಸ್ ಒಂದು ಲೆಕ್ಕ ಕೊಟ್ಟರು. ಆಪರೇಷನ್‌ನಲ್ಲಿ ತೆಗೆದ ಎಲುಬನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಡ್ಡೆಯ 90%ಗಿಂತ ಜಾಸ್ತಿ ಸತ್ತಿದ್ದರೆ ಔಷಧ ಚೆನ್ನಾಗಿ ನಾಟಿದೆ ಎಂದರ್ಥ.

ಮನೆಯವರಿಗೆ ಒಂದು ಮಾತು ನೇರವಾಗಿ ಹೇಳಲೇಬೇಕು ಅನ್ನಿಸುತ್ತದೆ. ಮೊದಲು ಕೀಮೋ ಕೊಟ್ಟವರನ್ನೂ, ಮೊದಲು ಆಪರೇಷನ್ ಮಾಡಿ ಆಮೇಲೆ ಕೀಮೋ ಕೊಟ್ಟವರನ್ನೂ ಹೋಲಿಸಿದ ಅಮೆರಿಕದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಬದುಕುಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೀವ ಉಳಿಸುವುದು ಕೀಮೋ, ಅದರ ಸರದಿಯಲ್ಲ. ಮೊದಲೇ ಕೊಟ್ಟರೆ ಶ್ವಾಸಕೋಶದ ಕಣಗಳಿಗೂ ಆ ದಿನದಿಂದಲೇ ಔಷಧ ತಲುಪುತ್ತದೆ, ಕಾಲು ಉಳಿಸುವ ಆಪರೇಷನ್‌ಗೆ ತಯಾರಿ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಬೇರೆಡೆಗೆ ಹರಡಿರುವುದು ಕಾಣದ ರೋಗಿಗಳಲ್ಲಿ ಇವತ್ತು 100ಕ್ಕೆ 60ರಿಂದ 70 ಮಂದಿ ಬದುಕುತ್ತಾರೆ.

ಆಪರೇಷನ್ ಆದ ಮೇಲೆ ಬರುವ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ನೆಕ್ರೋಸಿಸ್’ ಎಂಬ ಪದದ ಪಕ್ಕ, ಗಡ್ಡೆ ಎಷ್ಟು ಸತ್ತಿದೆ ಎಂದು ಹೇಳುವ ಒಂದು ಅಂಕಿ ಇರುತ್ತದೆ. “ಎಷ್ಟು ಬಂತ್ರಿ?” ಅಂತ ಅದನ್ನು ಕೇಳಿ ತಿಳಿದುಕೊಳ್ಳಿ.