ಮದರ್‌ಬೋರ್ಡ್‌ನಲ್ಲಿ ಯುಎಸ್‌ಬಿ ಹೆಡರ್ ಸಾಲ್ತಿಲ್ವಾ? ಸ್ಪ್ಲಿಟರ್ ತಗೊಳೋಕ್ ಮುಂಚೆ ಇದನ್ನ ಓದಿ

ಹಾಸನದಲ್ಲಿ ಕಂಪ್ಯೂಟರ್ ಸರ್ವೀಸ್ ಮಾಡೋ ನನ್ ಹತ್ರ ಈಗೀಗ ಜಾಸ್ತಿ ಬರ್ತಿರೋ ಕಂಪ್ಲೇಂಟ್ ಇದು: "ಸಾರ್, ಹೊಸ ವೈಫೈ ಕಾರ್ಡ್ ಹಾಕಿದೀನಿ, ವೈಫೈ ಬರ್ತಿದೆ, ಬ್ಲೂಟೂತ್ ಮಾತ್ರ ತೋರಿಸ್ತಾನೇ ಇಲ್ಲ." ಕಾರ್ಡ್ ಹಾಳಾಗಿರಲ್ಲ. ಪಿಸಿಐಇ ಸ್ಲಾಟಿಗೆ (ಬೋರ್ಡಲ್ಲಿ ಎಕ್ಸ್‌ಟ್ರಾ ಕಾರ್ಡ್ ಸಿಗಿಸೋ ಜಾಗ) ಹಾಕೋ ಆ ಕಾರ್ಡ್‌ಗಳಲ್ಲಿ ವೈಫೈ ಸ್ಲಾಟ್ ಮೂಲಕ ಹೋಗುತ್ತೆ, ಬ್ಲೂಟೂತ್ ಯುಎಸ್‌ಬಿ ಮೂಲಕ ಹೋಗುತ್ತೆ, ಅದಕ್ಕೇ ಬಾಕ್ಸಲ್ಲಿ ಒಂದು ಸಣ್ಣ ವೈರ್ ಕೊಟ್ಟಿರ್ತಾರೆ, ಅದನ್ನ ಮದರ್‌ಬೋರ್ಡ್‌ನ ಯುಎಸ್‌ಬಿ ಹೆಡರಿಗೆ, ಅಂದ್ರೆ ವೈರ್ ಸಿಗಿಸೋ ಪಿನ್‌ಗಳ ಗುಂಪಿಗೆ, ಹಾಕ್ಬೇಕು. ಹಾಕೋಣ ಅಂತ ನೋಡಿದ್ರೆ ಹೆಡರ್ ಖಾಲಿ ಇರಲ್ಲ. ಒಂದರಲ್ಲಿ ಮುಂದಿನ ಪ್ಯಾನೆಲ್, ಇನ್ನೊಂದರಲ್ಲಿ ಲಿಕ್ವಿಡ್ ಕೂಲರ್ ಕೂತಿರುತ್ತೆ, ಅದರ ಮೇಲೆ ಲೈಟ್ ಫ್ಯಾನ್‌ಗಳ ಕಂಟ್ರೋಲರ್ ಬೇರೆ. ಕಮ್ಮಿ ಬೆಲೆಯ ಬೋರ್ಡ್‌ಗಳಲ್ಲಿ ಹೆಚ್ಚು ಅಂದ್ರೆ ಎರಡು ಹೆಡರ್ ಕೊಟ್ಟಿರ್ತಾರೆ, ಕೆಲವುದರಲ್ಲಿ ಒಂದೇ.

ಈಗ ಜನ ಮಾಡೋದೇನು ಅಂದ್ರೆ ಆನ್‌ಲೈನಲ್ಲಿ ಸಿಗೋ ಅತೀ ಅಗ್ಗದ, ಒಂದು ಹೆಡರನ್ನ ಎರಡು ಮಾಡೋ ಸ್ಪ್ಲಿಟರ್ ವೈರ್ ತರಿಸ್ಕೊಳ್ತಾರೆ. ಅದರಲ್ಲಿ ಕೆಲವು ಸರಿ ಇರ್ತವೆ, ಕೆಲವು ಪೂರ್ತಿ ತಪ್ಪು. ಯಾವುದು ಸರಿ ಅಂತ ಗೊತ್ತಾಗ್ಬೇಕಾದ್ರೆ ಆ ಒಂಬತ್ತು ಪಿನ್ನಿನ ಹೆಡರನ್ನ ಹತ್ರದಿಂದ ನೋಡ್ಬೇಕು.

ಎರಡು ಸಾಲು ಪಿನ್, ಒಂದು ಸಾಲಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಪ್ರತೀ ಸಾಲಿನ ಮೊದಲ ಪಿನ್ನು 5 ವೋಲ್ಟ್, ಅದಾದ್ಮೇಲೆ ಡೇಟಾ ಮೈನಸ್, ಡೇಟಾ ಪ್ಲಸ್, ನಾಲ್ಕನೇದು ಗ್ರೌಂಡ್. ವೈರಿನ ಬಣ್ಣದಲ್ಲಿ ಹೇಳೋದಾದ್ರೆ ಕೆಂಪು, ಬಿಳಿ, ಹಸಿರು, ಕಪ್ಪು. ಅಂದ್ರೆ ಒಂದು ಸಾಲಿಗೆ ಒಂದು ಪೂರ್ತಿ ಯುಎಸ್‌ಬಿ ಪೋರ್ಟ್, ಒಂದು ಹೆಡರಲ್ಲಿ ಎರಡು ಪೋರ್ಟ್. ಕೂಲರ್ ಆಗ್ಲಿ ಬ್ಲೂಟೂತ್ ವೈರ್ ಆಗ್ಲಿ ಬಳಸೋದು ಒಂದೇ ಸಾಲು. ಆದ್ರೆ ಅದರ ಪ್ಲಗ್ ಒಂಬತ್ತು ಪಿನ್ನಿನ ಅಗಲಕ್ಕೇ ಇರೋದ್ರಿಂದ ಪಕ್ಕದ ಸಾಲನ್ನೂ ಮುಚ್ಚಿ ಕೂತ್ಕೊಳ್ಳುತ್ತೆ, ಒಂದು ಒಳ್ಳೇ ಪೋರ್ಟು ಯಾರಿಗೂ ಸಿಗದ ಹಾಗೆ ಅದರ ಕೆಳಗೇ ಉಳಿದುಹೋಗುತ್ತೆ. ಪ್ಲಗ್ಗನ್ನ ತಿರುಗಿಸಿ ನೋಡಿ, ವೈರ್ ಬಂದಿರೋದು ನಾಲ್ಕೇ ಆಗಿದ್ರೆ ನಿಮ್ಮ ಹತ್ರ ಇನ್ನೊಂದು ಪೋರ್ಟ್ ಇದೆ ಅಂತ ಅರ್ಥ, ಹೊಸದೇನೂ ಕೊಳ್ಳೋ ಮುಂಚೆ ಇದೊಂದನ್ನ ನೋಡ್ಲೇಬೇಕು.

ಹಾಗಿದ್ದಾಗ ಎರಡು ಸಾಲನ್ನ ಬೇರೆ ಬೇರೆ ಮಾಡಿ ಎರಡು ಪ್ಲಗ್ಗಿಗೆ ಕೊಡೋ ಸ್ಪ್ಲಿಟರ್ ಸಾಕು, ಅದರಲ್ಲಿ ಚಿಪ್ಪೂ ಬೇಡ ಪವರ್ರೂ ಬೇಡ. ತಪ್ಪು ಸ್ಪ್ಲಿಟರ್ ಅಂದ್ರೆ ಒಂದೇ ಸಾಲಿನ ಬಿಳಿ ಹಸಿರು ವೈರನ್ನ ಕವಲು ಮಾಡಿ ಎರಡು ಕಡೆಗೂ ಕೊಟ್ಟಿರೋದು. ಫ್ಯಾನ್ ವೈರಲ್ಲಿ, ಎಲ್‌ಇಡಿ ವೈರಲ್ಲಿ ಹಂಗೆ ಕವಲು ಮಾಡಿದ್ರೆ ನಡೆಯುತ್ತೆ, ಅದಕ್ಕೇ ಇದೂ ನಡೆಯುತ್ತೆ ಅಂದ್ಕೊಳ್ತಾರೆ. ಯುಎಸ್‌ಬಿಯಲ್ಲಿ ಒಂದು ಡೇಟಾ ಜೋಡಿಗೆ ಒಂದೇ ಡಿವೈಸ್, ಅದು ಮೊದಲಿಂದ ಇರೋ ನಿಯಮ. ಎರಡು ಡಿವೈಸ್ ಒಟ್ಟಿಗೇ ಉತ್ತರ ಕೊಟ್ರೆ ಕಂಪ್ಯೂಟರಿಗೆ ಯಾರ ಮಾತೂ ಅರ್ಥ ಆಗಲ್ಲ.

ಬೇಲೂರಿನ ಒಬ್ಬ ಫೋಟೋ ಸ್ಟುಡಿಯೋದವರು ಮದುವೆ ಸೀಸನ್ ಮಧ್ಯದಲ್ಲೇ ಸಿಸ್ಟಮ್ ತಗೊಂಡ್ ಬಂದಿದ್ರು. ಕೂಲರ್ ಮತ್ತೆ ಮುಂದಿನ ಕಾರ್ಡ್ ರೀಡರ್ ಎರಡೂ ಒಂದೇ ಸ್ಪ್ಲಿಟರಲ್ಲಿ ಇತ್ತು. ಎರಡೂ ಹಾಕಿದ್ರೆ "ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್", ಕೂಲರ್ ತೆಗೆದ್ರೆ ರೀಡರ್ ಸರಿ, ರೀಡರ್ ತೆಗೆದ್ರೆ ಕೂಲರ್ ಸರಿ. ಅವರು ಪಾಪ ರೀಡರನ್ನ ಆಗ್ಲೇ ಬದಲಾಯಿಸಿದ್ರು, ವಿಂಡೋಸ್ ಕೂಡ ಹೊಸದಾಗಿ ಹಾಕ್ಸಿದ್ರು. ಮಲ್ಟಿಮೀಟರನ್ನ ಕಂಟಿನ್ಯೂಟಿಗೆ (ಎರಡು ತುದಿ ಒಳಗೆ ಕೂಡಿದ್ರೆ ಬೀಪ್ ಬರೋ ಸೆಟ್ಟಿಂಗ್) ಇಟ್ಟು ಎರಡು ಪ್ಲಗ್ಗಿನ ಮೂರನೇ ಪಿನ್ನಿಗೂ (ಡೇಟಾ ಪಿನ್) ಪ್ರೋಬ್ ಮುಟ್ಟಿಸಿದೆ, ಬೀಪ್ ಬಂತು. ಬರಬಾರದಿತ್ತು. ಅಲ್ಲಿಗೆ ವಿಷಯ ಗೊತ್ತಾಯ್ತು. ಸಾಲು ಬೇರೆ ಮಾಡೋ ಸ್ಪ್ಲಿಟರ್ ಹಾಕಿ ಒಂದು ಸಾಲು ಕೂಲರಿಗೆ, ಇನ್ನೊಂದು ಅವರ ವೈಫೈ ಕಾರ್ಡಿನ ಬ್ಲೂಟೂತಿಗೆ ಕೊಟ್ಟೆ, ಕಾರ್ಡ್ ರೀಡರನ್ನ ಅಲ್ಲಿಂದ ಪೂರ್ತಿ ತೆಗೆದು ಬೇರೆ ದಾರಿ ಮಾಡಿದೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಸಾಲುಗಳೆಲ್ಲಾ ನಿಜವಾಗ್ಲೂ ಮುಗಿದಿದ್ರೆ ಆಗ ಹಬ್. ಕ್ಯಾಬಿನೆಟ್ ಒಳಗೆ ಹಾಕೋದಕ್ಕೇ ಅಂತ ಒಂದು ಹೆಡರ್‌ನಿಂದ ಮೂರು ನಾಲ್ಕು ಹೆಡರ್ ಮಾಡೋ ಹಬ್ ಬರ್ತವೆ. ತಗೊಳ್ವಾಗ ಎರಡು ವಿಷಯ ನೋಡಿ. ಹಬ್ಬಿನ ಸಣ್ಣ ಬೋರ್ಡಿನ ಮೇಲೆ ಡಿವೈಸ್‌ಗಳನ್ನ ಬೇರೆ ಬೇರೆಯಾಗಿ ನೋಡ್ಕೊಳ್ಳೋ ಚಿಪ್ ಇದೆಯಾ ಅನ್ನೋದು ಒಂದು, ಸಾಮಾನ್ಯವಾಗಿ ಜಿಎಲ್850ಜಿ ಅಥವಾ ಎಫ್‌ಇ1.1ಎಸ್ ಅಂತ ಬರೆದಿರುತ್ತೆ, ಪಕ್ಕದಲ್ಲಿ ಬೆಳ್ಳಿ ಬಣ್ಣದ ಒಂದು ಕ್ರಿಸ್ಟಲ್ ಇರುತ್ತೆ. ಎರಡನೇದು, ಮತ್ತೆ ನನ್ನ ಪ್ರಕಾರ ಇದೇ ಮುಖ್ಯ, ಹಬ್ಬಿಗೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನ ಪವರ್ ಡಬ್ಬಿ) ನೇರವಾಗಿ ಪವರ್ ತಗೊಳೋ ಸಾಟಾ ಅಥವಾ ಮೋಲೆಕ್ಸ್ ಕನೆಕ್ಟರ್ ಇದೆಯಾ ಅನ್ನೋದು. ಯುಎಸ್‌ಬಿ 2.0 ಲೆಕ್ಕದಲ್ಲಿ ಒಂದು ಪೋರ್ಟಿಗೆ ಸಿಗೋದು 500 ಮಿಲಿಆಂಪ್. ಪವರ್ ಇಲ್ಲದ ಹಬ್ ಹಾಕಿದ್ರೆ ಆ 500 ಮಿಲಿಆಂಪನ್ನೇ ನಾಲ್ಕು ಜನ ಹಂಚ್ಕೋಬೇಕು, ಒಂದೇ ನಲ್ಲಿಗೆ ನಾಲ್ಕು ಪೈಪ್ ಸಿಗಿಸಿದ ಹಾಗೆ. ಪೋರ್ಟ್ ನಾಲ್ಕಾದ್ವು ಅಂತ ಕರೆಂಟ್ ನಾಲ್ಕರಷ್ಟಾಗಲ್ಲ. ಎಲ್‌ಸಿಡಿ ಇರೋ ಕೂಲರು, ಲೈಟ್ ಕಂಟ್ರೋಲರು ಎಲ್ಲಾ ಒಟ್ಟಿಗೆ ಹತ್ತಿಕೊಂಡಾಗ ವೋಲ್ಟೇಜ್ ಇಳಿಯುತ್ತೆ, ಡಿವೈಸ್ ಕಟ್ ಆಗಿ ಮತ್ತೆ ಕನೆಕ್ಟ್ ಆಗೋ ಶಬ್ದ ಬರ್ತಾನೇ ಇರುತ್ತೆ, ಜನ ಅದನ್ನ ಡ್ರೈವರ್ ಪ್ರಾಬ್ಲಮ್ ಅಂದ್ಕೊಂಡು ಡ್ರೈವರ್ ಹುಡುಕ್ತಾ ಕೂರ್ತಾರೆ.

ಪವರ್ ಕೊಡುವಾಗ ಇನ್ನೊಂದು ಎಚ್ಚರ. ಸಾಟಾ ಪವರ್ ವೈರ್ ಮುಗಿದಿದೆ ಅಂತ ಮೋಲೆಕ್ಸ್‌ನಿಂದ ಸಾಟಾಗೆ ಬದಲಾಯಿಸೋ ಅಡಾಪ್ಟರ್ ಹಾಕ್ತಾರಲ್ಲ, ಅದರಲ್ಲಿ ವೈರ್‌ಗಳನ್ನ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿರೋ ಜಾತಿಯದ್ದು ಯಾವತ್ತೂ ಬೇಡ. ಒಳಗೆ ವೈರ್‌ಗಳು ಒಂದಕ್ಕೊಂದು ಹತ್ರ ಬಂದು ಶಾರ್ಟ್ ಆಗಿ ಬೆಂಕಿ ಹತ್ತಿಕೊಂಡಿರೋದುಂಟು. ವೈರ್ ಮೇಲಿಂದ ಒತ್ತಿ ಕ್ಯಾಪ್ ಹಾಕಿರೋ ಕನೆಕ್ಟರ್ ಇರೋದನ್ನೇ ಕೇಳಿ ತಗೊಳ್ಳಿ, ಸ್ವಲ್ಪ ಜಾಸ್ತಿ ಆದ್ರೂ ಪರ್ವಾಗಿಲ್ಲ.

ಈ ಹಬ್ಬಲ್ಲಿ ಎಲ್ಲಾ ಸೇರಿ ಸಿಗೋ ಸ್ಪೀಡು ಸೆಕೆಂಡಿಗೆ 480 ಮೆಗಾಬಿಟ್, ಅಂದ್ರೆ 60 ಎಂಬಿ ಒಳಗೇ. ಕೂಲರ್, ಲೈಟ್, ಬ್ಲೂಟೂತ್‌ಗೆ ಅದು ಬೇಕಾದಷ್ಟಾಯ್ತು, ಅವು ಕಳಿಸೋ ಡೇಟಾ ಲೆಕ್ಕಕ್ಕೇ ಇಲ್ಲ. ಕಾರ್ಡ್ ರೀಡರ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇವಕ್ಕೆ ಸಾಲಲ್ಲ. ಬೇಲೂರಿನವರ ರೀಡರನ್ನ ಅಲ್ಲಿಂದ ತೆಗೆದಿದ್ದು ಅದಕ್ಕೇ. ಇಡೀ ಮದುವೆಯ ರಾ ಫೈಲು, ವಿಡಿಯೋ ಎಲ್ಲಾ 2.0 ದಾರಿಯಲ್ಲಿ ಇಳಿಸ್ತಾ ಕೂತ್ರೆ ಒಂದೊಂದು ಮೆಮೊರಿ ಕಾರ್ಡಿಗೂ ಕಾಯ್ತಾ ಇರ್ಬೇಕು, ಹಳೇ ರೀಡರ್ ಬಿಟ್ಟು 3.0 ರೀಡರ್ ಹಾಕಿ ಅದಕ್ಕೆ ಪಿಸಿಐಇ ಕಾರ್ಡ್ ಕೊಟ್ವಿ. ಹಿಂದೆ ನಾಲ್ಕು ಪೋರ್ಟು, ಒಳಗೆ ಹತ್ತೊಂಬತ್ತು ಪಿನ್ನಿನ ಒಂದು 3.0 ಹೆಡರು ಇರೋ ಕಾರ್ಡ್‌ಗಳು ಸಿಗ್ತವೆ, ರೆನೆಸಾಸ್, ಎಎಸ್‌ಮೀಡಿಯಾ, ವಿಐಎ ಚಿಪ್ಪಿನವು. ಇಲ್ಲೂ ಒಂದು ಲೆಕ್ಕ ಇದೆ. ಎಕ್ಸ್1 ಅನ್ನೋ ಚಿಕ್ಕ ಸ್ಲಾಟಿನ ಪಿಸಿಐಇ 2.0 ಕಾರ್ಡ್ ಅಂದ್ರೆ ಸೆಕೆಂಡಿಗೆ 500 ಎಂಬಿ ಒಳಗೇ, ಅದು ಹೆಚ್ಚುಕಮ್ಮಿ ಒಂದು 3.0 ಪೋರ್ಟಿನಷ್ಟೇ ಆಯ್ತು. ಪೋರ್ಟ್ ಎಷ್ಟೇ ಇದ್ರೂ ಎಲ್ಲಾ ಅದರಲ್ಲೇ ಹಂಚ್ಕೋಬೇಕು. ಎರಡು ಎಸ್‌ಎಸ್‌ಡಿ ಒಟ್ಟಿಗೆ ಹಾಕಿ ಒಂದರಿಂದ ಒಂದಕ್ಕೆ ಕಾಪಿ ಮಾಡೋರು ಇದನ್ನ ತಿಳ್ಕೊಂಡೇ ಕೊಳ್ಳಬೇಕು. ಕಾರ್ಡಿಗೂ ಸಾಟಾ ಪವರ್ ಕನೆಕ್ಟರ್ ಇದ್ರೆ ಹಾಕ್ಲೇಬೇಕು, ಯಾಕಂದ್ರೆ 3.0 ಪೋರ್ಟ್ ಒಂದಕ್ಕೇ 900 ಮಿಲಿಆಂಪ್. ವಿಂಡೋಸ್ 8ರಿಂದ ಈಚೆಗೆ ಡ್ರೈವರ್ ಅದರಲ್ಲೇ ಇರುತ್ತೆ, ಇನ್ನೂ ವಿಂಡೋಸ್ 7 ಓಡಿಸ್ತಿರೋ ಬಿಲ್ಲಿಂಗ್ ಸಿಸ್ಟಮ್ ಆದ್ರೆ ಡ್ರೈವರ್ ಮೊದಲೇ ಪೆನ್‌ಡ್ರೈವಲ್ಲಿ ಹಾಕಿಟ್ಕೊಳ್ಳಿ.

ಹತ್ತೊಂಬತ್ತು ಪಿನ್ನಿನ ಆ ನೀಲಿ ಹೆಡರ್ ಬೋರ್ಡಲ್ಲಿ ಖಾಲಿ ಇದ್ರೆ ಇನ್ನೂ ಸುಲಭ. ಅದರೊಳಗೇ 2.0 ಲೈನ್‌ಗಳೂ ಇರ್ತವೆ, ಒಂದು ಸಣ್ಣ ಅಡಾಪ್ಟರ್ ಹಾಕಿ ಒಂಬತ್ತು ಪಿನ್ ಮಾಡ್ಕೋಬಹುದು. ಹಳೇ ಬೋರ್ಡ್ ಹೊಸ ಕ್ಯಾಬಿನೆಟ್ ಆಗಿದ್ರೆ ಇದರ ಉಲ್ಟಾ ಅಡಾಪ್ಟರ್ ಕೂಡ ಇದೆ, ಮುಂದಿನ ಪೋರ್ಟ್ ನೀಲಿ ಕಂಡ್ರೂ ಸ್ಪೀಡ್ 2.0 ಮಾತ್ರ. ಆ ನೀಲಿ ಹೆಡರಿಂದ ಪ್ಲಗ್ ಕೀಳುವಾಗ ಮಾತ್ರ ಒಂದು ಬೆರಳಲ್ಲಿ ಹೆಡರಿನ ಗೋಡೆ ಒತ್ತಿ ಹಿಡ್ಕೊಂಡು ಉದ್ದಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ನೇರ ಮೇಲಕ್ಕೆ ತೆಗೀರಿ. ಎಳೆದ್ರೆ ಪ್ಲಗ್ ಜೊತೆ ಗೋಡೆಯೇ ಕಿತ್ತು ಬರುತ್ತೆ, ಪಿನ್‌ಗಳು ಮಾತ್ರ ಕೂದಲಿನ ಥರ ನಿಂತಿರ್ತವೆ. ಅದರಲ್ಲಿ ಒಂದು ಬಗ್ಗಿ ಪಕ್ಕದ್ದಕ್ಕೆ ತಾಗಿದ್ರೆ ಕೆಲವು ಬೋರ್ಡ್‌ಗಳು "ಯುಎಸ್‌ಬಿ ಡಿವೈಸ್ ಓವರ್ ಕರೆಂಟ್" ಅಂತ ತೋರಿಸಿ 15 ಸೆಕೆಂಡಲ್ಲಿ ತಾವಾಗೇ ಆಫ್ ಆಗ್ತವೆ.

ಒಂಬತ್ತು ಪಿನ್ನಿನದೆಲ್ಲಾ ಯುಎಸ್‌ಬಿ ಅಲ್ಲ ಅನ್ನೋದನ್ನ ದಯವಿಟ್ಟು ಮರೀಬೇಡಿ. ಆಡಿಯೋ ಹೆಡರಲ್ಲಿ ಎಂಟನೇ ಪಿನ್ ಇರಲ್ಲ, ಅಂದ್ರೆ ತುದಿಯಿಂದ ಒಂದು ಒಳಗೆ. ಯುಎಸ್‌ಬಿಯಲ್ಲಿ ಒಂಬತ್ತನೇದು, ಮೂಲೆಯದ್ದು. ಕಾಮ್ (ಹಳೇ ಸೀರಿಯಲ್) ಪೋರ್ಟ್ ಹೆಡರಲ್ಲಿ ಹತ್ತನೇದು ಇರಲ್ಲ, ಅದೂ ಮೂಲೆಯೇ, ನಮ್ಮ ಕಡೆ ತೂಕದ ಮಷೀನ್ ಕನೆಕ್ಟ್ ಮಾಡೋ ಕಾಫಿ ವ್ಯಾಪಾರಿಗಳ ಸಿಸ್ಟಮ್ಮಲ್ಲಿ ಆ ಹೆಡರ್ ಬಳಕೆಯಲ್ಲೇ ಇರುತ್ತೆ. ಹಳೇ ಬೋರ್ಡಲ್ಲಿ ಹಿಂದೆ ವಿಡಿಯೋ ಕ್ಯಾಮೆರಾಗೆ ಬಳಸ್ತಿದ್ದ ಫೈರ್‌ವೈರ್ ಹೆಡರ್ ಇದ್ರೆ ಅದರಲ್ಲಿ 12 ವೋಲ್ಟ್, 5 ವೋಲ್ಟಿನ ಡಿವೈಸ್ ಹಾಕಿದ್ರೆ ಸುಟ್ಟೇ ಹೋಗುತ್ತೆ. ಆಕಾರ ನೋಡಿ ಹಾಕ್ಬೇಡಿ, ಟಾರ್ಚ್ ಬಿಟ್ಟು ಬೋರ್ಡ್ ಮೇಲೆ ಬರೆದಿರೋದನ್ನ ಓದಿ, ಎಫ್ ಯುಎಸ್‌ಬಿ, ಜೆ ಯುಎಸ್‌ಬಿ ಅಂತ ಏನಾದ್ರೂ ಇದ್ದೇ ಇರುತ್ತೆ. ಕೈ ಹಾಕೋ ಮುಂಚೆ ವಾಲ್ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡೀರಿ. ಶಟ್‌ಡೌನ್ ಆಗಿದ್ರೂ 5 ವೋಲ್ಟ್ ಸ್ಟ್ಯಾಂಡ್‌ಬೈ ಬೋರ್ಡಲ್ಲಿ ಇದ್ದೇ ಇರುತ್ತೆ. ರಾತ್ರಿ ಆಫ್ ಮಾಡಿದ್ಮೇಲೂ ಕೂಲರ್ ಲೈಟ್ ಉರೀತಿದೆ ಅಂತ ಕೇಳೋರಿಗೂ ಇದೇ ಕಾರಣ, ಬಯೋಸಲ್ಲಿ ಇಆರ್‌ಪಿ ಅನ್ನೋ ಕರೆಂಟ್ ಉಳಿಸೋ ಸೆಟ್ಟಿಂಗ್ ಆನ್ ಮಾಡಿದ್ರೆ ಹೆಚ್ಚಿನ ಬೋರ್ಡ್‌ಗಳಲ್ಲಿ ನಿಲ್ಲುತ್ತೆ.

ಹಬ್ಬನ್ನ ಎಲ್ಲಿ ಕೂರಿಸ್ತೀರಿ ಅನ್ನೋದೂ ನಮ್ಮ ಕಡೆ ಮುಖ್ಯ ವಿಷಯ. ಬಾಕ್ಸಲ್ಲಿ ಬರೋ ಡಬಲ್ ಸೈಡ್ ಟೇಪು ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ನಿಲ್ಲಲ್ಲ. ಒಳಗೆ ಬಿಸಿ ಹೊರಗೆ ತೇವ, ಒಂದಿನ ಟೇಪ್ ಬಿಟ್ಟು ಹಬ್ ಗ್ರಾಫಿಕ್ಸ್ ಕಾರ್ಡಿನ ಹಿಂಭಾಗಕ್ಕೆ ಬಿತ್ತು ಅಂದ್ರೆ ಹಬ್ ಒಂದೇ ಅಲ್ಲ, ಕಾರ್ಡೂ ಶಾರ್ಟ್ ಆಗಬಹುದು. ಬೋರ್ಡ್ ಹಿಂದೆ ವೈರ್ ಹೋಗೋ ಕಡೆ ಜಿಪ್ ಟೈ ಹಾಕಿ ಬಿಗಿದುಬಿಡಿ. ಅಗ್ಗದ ಹಬ್ಬಿನ ಪಿನ್‌ಗಳು ಒಂದು ಮಳೆಗಾಲ ಕಳೆಯೋದ್ರಲ್ಲಿ ಕಪ್ಪಾಗಿರ್ತವೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಲ್ಲಿ ತಿಕ್ಕಿದ್ರೆ ಸಾಕು, ಹೊಸದು ಬೇಕಾಗಲ್ಲ.

ಕೆಲವರು ಹೆಡರಿಂದ ಮಾಮೂಲಿ ಯುಎಸ್‌ಬಿ ಪೋರ್ಟ್ ಮಾಡೋ ಅಡಾಪ್ಟರ್ ಹಾಕಿ ಡಾಂಗಲ್‌ಗಳನ್ನ ಒಳಗೇ ಇಡ್ತಾರೆ. ಸಾಫ್ಟ್‌ವೇರ್ ಲೈಸೆನ್ಸ್ ಡಾಂಗಲ್ ಆದ್ರೆ ತುಂಬಾ ಒಳ್ಳೇದು, ಕಳೆಯಲ್ಲ, ಯಾರೂ ಕಿತ್ಕೊಂಡ್ ಹೋಗಲ್ಲ. ವೈರ್‌ಲೆಸ್ ಕೀಬೋರ್ಡ್ ಮೌಸಿನದ್ದು ಬೇಡ. ಕಬ್ಬಿಣದ ಡಬ್ಬಿ ಒಳಗಿಂದ ಸಿಗ್ನಲ್ ಬರೋದೇ ಕಷ್ಟ, ಸಾಲದ್ದಕ್ಕೆ 3.0 ಪೋರ್ಟು ಕೇಬಲ್‌ಗಳಿಂದ 2.4 ಗಿಗಾಹರ್ಟ್ಸಲ್ಲಿ ಗದ್ದಲ ಹೊರಡುತ್ತೆ, ಇಂಟೆಲ್‌ನವರೇ 2012ರಲ್ಲಿ ಇದನ್ನ ಅಳೆದು ಬರೆದಿದ್ದಾರೆ. ಜಿಎಸ್‌ಟಿ ಕೆಲಸಕ್ಕೆ ಬಳಸೋ ಡಿಜಿಟಲ್ ಸಿಗ್ನೇಚರ್ ಟೋಕನ್ನನ್ನ ಒಳಗೆ ಇಡ್ತೀನಿ ಅಂದ್ರೆ ನಾನು ಹಾಕ್ಕೊಡಲ್ಲ ಅಂತ ನೇರವಾಗೇ ಹೇಳ್ತೀನಿ. ಅದು ನಿಮ್ಮ ಸಹಿ, ಕೆಲಸ ಆದ್ಮೇಲೆ ತೆಗೆದು ಬೀರುವಿನಲ್ಲಿ ಇಡೋ ವಸ್ತು.

ನೀವೇ ಮಾಡ್ಕೊಳ್ಳೋ ಹಾಗಿದ್ರೂ ಅಂಗಡಿಗೆ ಹೋಗೋ ಹಾಗಿದ್ರೂ ಸೈಡ್ ಡೋರ್ ತೆಗೆದು ಬೋರ್ಡಿನ ಕೆಳಗಿನ ಅಂಚಿನ ಫೋಟೋ ಒಂದು ಸ್ಪಷ್ಟವಾಗಿ ತೆಗೀರಿ, ಹೆಡರ್‌ಗಳ ಹೆಸರು ಓದೋ ಹಾಗಿರ್ಲಿ. ಎಕ್ಸ್1 ಸ್ಲಾಟ್ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಮುಚ್ಚಿಹೋಗಿದೆಯಾ, ಸಾಟಾ ಪವರ್ ಒಂದಾದ್ರೂ ಖಾಲಿ ಇದೆಯಾ ನೋಡ್ಕೊಳ್ಳಿ, ಬೋರ್ಡಿನ ಮಾಡೆಲ್ ನಂಬರ್ ಬರ್ಕೊಳ್ಳಿ. ಹಾಸನ ಚಿಕ್ಕಮಗಳೂರಲ್ಲಿ ಪವರ್ ಇರೋ ಇಂಟರ್ನಲ್ ಹಬ್ ಎಲ್ಲಾ ಅಂಗಡಿಯಲ್ಲೂ ಸ್ಟಾಕ್ ಇಟ್ಟಿರಲ್ಲ, ಬೆಂಗಳೂರು ಎಸ್‌ಪಿ ರೋಡಿಂದ ತರಿಸ್ಬೇಕಾಗುತ್ತೆ. ಆ ಫೋಟೋ ಕೈಲಿದ್ರೆ ಏನ್ ತರಿಸ್ಬೇಕು, ಅಥವಾ ಏನೂ ತರಿಸದೇ ನಾಲ್ಕು ವೈರ್ ಪಕ್ಕದ ಸಾಲಿಗೆ ಹಾಕಿದ್ರೆ ಆಗುತ್ತಾ ಅಂತ ಅಂಗಡಿಯವರು ಅಲ್ಲೇ ನೋಡಿ ಹೇಳ್ಬಹುದು.