ತೆರೆಯ ಮೇಲೆ ಕಂಡದ್ದು ಇದೇ ಎಂದು ಗೊತ್ತಾಗುವುದು ಹೇಗೆ?

ಪ್ರಶ್ನೆ: ಅಮೆರಿಕದ ಬಾಹ್ಯಾಕಾಶ ಕಥೆಯ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ವಸ್ತುಗಳು ಲಕ್ಷಾಂತರ ಡಾಲರ್‌ಗೆ ಹರಾಜಾದ ಸುದ್ದಿ ಆಗಾಗ ಓದುತ್ತೇನೆ. ಅವು ನಿಜಕ್ಕೂ ಶೂಟಿಂಗ್‌ನಲ್ಲಿ ಬಳಸಿದವೋ, ಆಮೇಲೆ ಯಾರೋ ಮಾಡಿದ ನಕಲುಗಳೋ ಎಂದು ಕೊಳ್ಳುವವರು ಹೇಗೆ ತಿಳಿಯುತ್ತಾರೆ?

ಉತ್ತರ: ಹೊಸಬರು ಸರ್ಟಿಫಿಕೇಟ್ ಕೇಳುತ್ತಾರೆ. ಈ ಹವ್ಯಾಸದಲ್ಲಿ ಪಳಗಿದವರು ವಸ್ತುವನ್ನು ಮಗುಚಿ ಹಿಂಬದಿ ನೋಡುತ್ತಾರೆ. ಕಾಗದ ಬೇಡ ಎಂದಲ್ಲ, ಆದರೆ ಕಾಗದ ಹೇಳುವುದನ್ನು ವಸ್ತುವೂ ಹೇಳಬೇಕು.

2006ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆ ನಡೆಸಿದ ಹರಾಜನ್ನೇ ನೋಡಿ. ಸ್ಟಾರ್ ಟ್ರೆಕ್‌ಗೆ 40 ವರ್ಷ ತುಂಬಿದ ಸಂದರ್ಭ. ಸ್ಟುಡಿಯೋದ ಗೋದಾಮಿನಿಂದಲೇ ಬಂದ ವಸ್ತುಗಳು ಸುಮಾರು 1,000 ಗುಂಪುಗಳಾಗಿ ಮೂರು ದಿನದಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋದವು. ಸ್ಟಾರ್ ಟ್ರೆಕ್‌ನ ‘ನೆಕ್ಸ್ಟ್ ಜನರೇಷನ್’ ಸರಣಿಯ ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯ ಆರಡಿ ಮಾದರಿಗೆ 25ರಿಂದ 35 ಸಾವಿರ ಡಾಲರ್ ಬರಬಹುದೆಂದು ಅಂದಾಜಿತ್ತು. ಕೊನೆಯ ಸವಾಲು ನಿಂತದ್ದು 5 ಲಕ್ಷಕ್ಕೆ. ಸಂಸ್ಥೆಯ ಕಮಿಷನ್ 76 ಸಾವಿರ ಸೇರಿ ಕೊಂಡವರು ತೆತ್ತದ್ದು 5,76,000 ಡಾಲರ್. (ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಈ ಕಮಿಷನ್ ಸೇರಿರುತ್ತದೆ. ಸವಾಲು ಕೂಗುವಾಗ ಇದನ್ನು ಮರೆತು ಕೈ ಸುಟ್ಟುಕೊಳ್ಳುವವರಿದ್ದಾರೆ.)

ಅದೇ ಹರಾಜಿನಲ್ಲಿ ಒಬ್ಬ ಅಭಿಮಾನಿ ಕಣ್ಣಿಗೆ ನೆರಳಾಗಲು ಹಣೆಗೆ ಕಟ್ಟಿಕೊಳ್ಳುವ ವೈಸರ್ ಒಂದನ್ನು ಸುಮಾರು 6,000 ಡಾಲರ್‌ಗೆ ಕೊಂಡ. ಡೇಟಾ ಎಂಬ ಯಂತ್ರಮಾನವ ಗೆಳೆಯರೊಡನೆ ಪೋಕರ್ ಎಂಬ ಇಸ್ಪೀಟಾಟ ಆಡುವಾಗ ತೊಡುತ್ತಿದ್ದ ವೈಸರ್ ಅದು ಎಂಬ ನಂಬಿಕೆ ಅವನದು. ಆ ಪಾತ್ರ ಮಾಡಿದ ನಟ ಬ್ರೆಂಟ್ ಸ್ಪೈನರ್ ಬಳಿ ಹಸ್ತಾಕ್ಷರ ಹಾಕಿಸಲು ಹೋದಾಗ, ಅವರು ಇದು ತಾನು ತೊಟ್ಟದ್ದಲ್ಲ ಎಂದುಬಿಟ್ಟರು. ಅಭಿಮಾನಿ ಕೋರ್ಟಿಗೆ ಹೋದ, ಸಂಸ್ಥೆ ಆರೋಪವನ್ನು ಒಪ್ಪಲಿಲ್ಲ. ಆ ವ್ಯಾಜ್ಯದ ಸರಿ ತಪ್ಪು ನನಗಿಲ್ಲಿ ಮುಖ್ಯವಲ್ಲ. ಸ್ಟುಡಿಯೋದ ಗೋದಾಮಿನಿಂದ ಬಂದದ್ದೆಲ್ಲ ಕ್ಯಾಮೆರಾದ ಮುಂದೆ ನಿಂತದ್ದೇ ಆಗಿರಬೇಕಿಲ್ಲ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. 1987ರಿಂದ 2005ರವರೆಗೆ ಒಂದರ ಹಿಂದೊಂದು ಸರಣಿ ಬರುತ್ತಲೇ ಇದ್ದವು. ಒಂದರಲ್ಲಿ ಬಳಸಿದ ಸಾಮಾನಿಗೆ ಬಣ್ಣ ಬದಲಿಸಿ ಇನ್ನೊಂದರಲ್ಲಿ ಬಳಸಿದರು. ಒಂದೇ ಥರದವನ್ನು ಹಲವು ಮಾಡಿಸಿಟ್ಟರು.

ನಮ್ಮ ನಾಟಕದವರು ರಂಗಪರಿಕರ ಅನ್ನುವುದನ್ನೇ ಅಲ್ಲಿ ಪ್ರಾಪ್ ಅನ್ನುತ್ತಾರೆ. ಅದರಲ್ಲೂ ದರ್ಜೆಗಳಿವೆ. ಕ್ಯಾಮೆರಾ ಹತ್ತಿರ ಬಂದಾಗ ತೋರಿಸಲು ಎಲ್ಲ ಭಾಗಗಳೂ ಕೆಲಸ ಮಾಡುವಂಥದ್ದು ‘ಹೀರೋ’. ಹೊಡೆದಾಟಕ್ಕೆ, ಬೀಳುವುದಕ್ಕೆ ರಬ್ಬರಿನದು. ಹಿಂದೆ ನಿಂತವರ ಸೊಂಟಕ್ಕೆ ಟೊಳ್ಳು ಪ್ಲಾಸ್ಟಿಕ್ಕಿನದು. 1960ರ ದಶಕದ ಮೊದಲ ಸರಣಿಯಲ್ಲಿ ಪಾತ್ರಗಳು ದೂರದವರೊಡನೆ ಮಾತಾಡಲು ಬಳಸುವ ಅಂಗೈಯಗಲದ ಸಾಧನ ಕಮ್ಯುನಿಕೇಟರ್. ಅದನ್ನು ಮಾಡಿದ್ದು ವಾ ಚಾಂಗ್ ಎಂಬ ಅಪ್ರತಿಮ ಕುಶಲಕರ್ಮಿ. ಯೂನಿಯನ್ ಸದಸ್ಯನಲ್ಲದ್ದರಿಂದ ಆತನ ಹೆಸರು ತೆರೆಯ ಮೇಲೆ ಬರಲೇ ಇಲ್ಲ. ನನಗೆ ಇವತ್ತಿಗೂ ಇದು ಅನ್ಯಾಯವೆನಿಸುತ್ತದೆ. ಅವರ ಹೀರೋ ಕಮ್ಯುನಿಕೇಟರಿನ ಜಾಲರಿ ಮುಚ್ಚಳ ತೆರೆದರೆ ಒಳಗೊಂದು ಗೆರೆಗೆರೆಯ ಬಿಲ್ಲೆ ತಿರುಗುತ್ತದೆ. ಅದನ್ನು ತಿರುಗಿಸುವುದು ಸ್ಟಾಪ್‌ವಾಚಿನ ಕೀಲಿಯಂತ್ರ. ಬೆನ್ನಿನ ಮೇಲೆ ಸೊಂಟಪಟ್ಟಿಗೆ ಅಂಟಿಸುವ ವೆಲ್ಕ್ರೋ. ನಕಲು ಮಾಡುವವನು ಮುಂಭಾಗಕ್ಕೆ ಎಷ್ಟು ಬೇಕಾದರೂ ಶ್ರಮ ಹಾಕುತ್ತಾನೆ. ಒಳಗಿನ ಯಂತ್ರ, ಹಿಂದಿನ ವೆಲ್ಕ್ರೋದ ಸವೆತ, ಅಂಟಿನ ಕಲೆಯಲ್ಲಿ ಎಡವುತ್ತಾನೆ.

ಅಸಲಿ ವಸ್ತುವಿನಿಂದಲೇ ಅಚ್ಚು ತೆಗೆದು ರೆಸಿನ್ (ಹೊಯ್ದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರಕ ಹೊಯ್ದ ನಕಲನ್ನು ಕಣ್ಣಿನಲ್ಲಿ ಗುರುತಿಸುವುದು ಕಷ್ಟ. ಅಲ್ಲಿ ಅಳತೆ ಕೈಹಿಡಿಯುತ್ತದೆ. ರೆಸಿನ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ, ಆದ್ದರಿಂದ ನಕಲು ಅಸಲಿಗಿಂತ ಚಿಕ್ಕದು. ನಕಲಿನ ನಕಲು ಇನ್ನೂ ಚಿಕ್ಕದು, ಅದರ ಅಂಚುಗಳೂ ಮೊಂಡು. ಅದಕ್ಕೇ ಗಂಭೀರ ಸಂಗ್ರಾಹಕರ ಬಳಿ ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್ ಕ್ಯಾಲಿಪರ್ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸ್ಕ್ರೀನ್ ಮ್ಯಾಚ್. ಕಂತಿನ ಒಂದು ಫ್ರೇಮನ್ನು ನಿಲ್ಲಿಸಿ, ಅದರಲ್ಲಿ ಕಾಣುವ ಗೀರು, ಬಣ್ಣದ ತೊಟ್ಟು, ಮರದ ನಾರು, ಎರಕದ ಗುಳ್ಳೆಯನ್ನು ಕೈಯಲ್ಲಿರುವ ವಸ್ತುವಿನಲ್ಲಿ ಹುಡುಕುವುದು. ಚಿತ್ರದಲ್ಲಿಲ್ಲದ ಗೀರು ವಸ್ತುವಿನ ಮೇಲಿದ್ದರೆ ಗಾಬರಿ ಬೇಡ, ಆಮೇಲೆ ಆಗಿರಬಹುದು. ಚಿತ್ರದಲ್ಲಿರುವ ಗೀರು ವಸ್ತುವಿನಲ್ಲಿ ಇಲ್ಲ, ಹೊಸ ಬಣ್ಣವನ್ನೂ ಬಳಿದಿಲ್ಲ ಎಂದಾದರೆ ಅದು ಬೇರೆಯದು. ‘ನೆಕ್ಸ್ಟ್ ಜನರೇಷನ್’ ಅನ್ನು 35 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿ ವಿಡಿಯೋ ಟೇಪಿನಲ್ಲಿ ಸಂಕಲನ ಮಾಡಿದ್ದರಿಂದ ಮೊದಲ ಪ್ರಸಾರದ ಚಿತ್ರ ಮಸುಕಾಗಿತ್ತು. 2012ರಿಂದ 2014ರ ನಡುವೆ ಮೂಲ ಫಿಲ್ಮಿನಿಂದಲೇ ಬ್ಲೂರೇ ತಯಾರಾದ ಮೇಲೆ, ಮೊದಲು ಕಾಣದಿದ್ದ ಗೀರುಗಳೂ ಕಾಣತೊಡಗಿದವು.

ಹಾಗಾಗಿ ಹಳೆಯ ವಸ್ತುವನ್ನು ಉಜ್ಜಿ, ಬಣ್ಣ ಬಳಿದು ಹೊಚ್ಚ ಹೊಸದಾಗಿಸುವುದನ್ನು ನಾನು ಒಪ್ಪುವುದಿಲ್ಲ. ಗೀರು ಅಳಿಸಿದರೆ ಗುರುತೇ ಅಳಿಸಿದಂತೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಮೊದಲ ಸರಣಿಯ 11 ಅಡಿಯ ಎಂಟರ್‌ಪ್ರೈಸ್ ಮಾದರಿಗೆ ಹಲವು ಬಾರಿ ದುರಸ್ತಿಯಾಗಿದೆ. ಆದರೂ ತಟ್ಟೆಯಾಕಾರದ ಭಾಗದ ಮೇಲ್ಮೈಯಲ್ಲಿ 1960ರ ದಶಕದ ಬಣ್ಣ ಹಾಗೇ ಉಳಿದಿತ್ತು. 2016ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಉಳಿದ ಭಾಗಕ್ಕೆ ಬಣ್ಣ ಹೊಂದಿಸಿದ್ದು ಅದನ್ನೇ ನೋಡಿ. ಆ ಮಾದರಿಯ ಎಡಮಗ್ಗುಲಿನಿಂದ ದೀಪದ ವೈರುಗಳು ಹಾದುಹೋಗುತ್ತಿದ್ದರಿಂದ ಕ್ಯಾಮೆರಾ ಹಿಡಿದದ್ದೆಲ್ಲ ಬಲಮಗ್ಗುಲನ್ನು. ಎಡಮಗ್ಗುಲು ಬಲದಷ್ಟೇ ಅಂದವಾಗಿರುವ ಮಾದರಿಯನ್ನು ಯಾರಾದರೂ ಅಸಲಿ ಎಂದು ತಂದರೆ ಅನುಮಾನ ಅಲ್ಲಿಂದಲೇ ಶುರು.

ಇದಕ್ಕೂ ಮೊದಲು ಮಾಡಿದ ಮೂರಡಿಯ ಮಾದರಿಯೊಂದು ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯವರ ಮೇಜಿನ ಮೇಲಿತ್ತು. 1970ರ ದಶಕದ ಕೊನೆಯಲ್ಲಿ ಯಾರಿಗೋ ಎರವಲು ಹೋದದ್ದು ಮರಳಲಿಲ್ಲ. 2023ರಲ್ಲಿ ಅದು ಇಬೇ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ 1,000 ಡಾಲರ್ ಆರಂಭಿಕ ಬೆಲೆಗೆ ಕಾಣಿಸಿಕೊಂಡಿತು. ಯಾವ ಸರ್ಟಿಫಿಕೇಟೂ ಇಲ್ಲದ ಅದರ ಫೋಟೋ ನೋಡಿಯೇ ಅಭಿಮಾನಿಗಳು ಎದ್ದು ಕೂತರು. ಮಾರಾಟಗಾರರು ಅದನ್ನು ಹಿಂತೆಗೆದುಕೊಂಡು ಡಲ್ಲಾಸ್‌ನ ಹೆರಿಟೇಜ್ ಹರಾಜು ಸಂಸ್ಥೆಗೆ ಒಯ್ದರು. ತಜ್ಞರು ಪರೀಕ್ಷಿಸಿ, ಅದೇ ಇದು ಎಂದರು. 2024ರ ಏಪ್ರಿಲ್‌ನಲ್ಲಿ ಅದು ಹರಾಜಾಗದೆ ರಾಡನ್‌ಬೆರಿಯವರ ಮಗನ ಕೈ ಸೇರಿತು.