ಉಬ್ಬಿದ ನರಕ್ಕಿಂತ ಮೊದಲು ಚರ್ಮ ನೋಡಿ

ಕಾಲಿನ ತೊಂದರೆ ಅಂತ ಬರುವವರು ಸಾಮಾನ್ಯವಾಗಿ ಮೀನಖಂಡದ ಮೇಲಿನ ಹಸಿರು-ನೀಲಿ ಸುರುಳಿಗಳನ್ನು ತೋರಿಸುತ್ತಾರೆ. "ನರ ಉಬ್ಬಿದೆ ಡಾಕ್ಟ್ರೇ, ಆದ್ರೆ ನೋವೇನಿಲ್ಲ" ಎನ್ನುತ್ತಾರೆ. ನನ್ನ ಕಣ್ಣು ಹೋಗುವುದು ಇನ್ನೂ ಕೆಳಗೆ, ಪಾದದ ಗಂಟಿನ ಒಳಬದಿಗೆ. ಗಂಟಿನಿಂದ ನಾಲ್ಕು ಬೆರಳು ಮೇಲಿನವರೆಗಿನ ಚರ್ಮ ಹೇಗಿದೆ ಎಂದು ನೋಡುತ್ತೇನೆ. ವೆರಿಕೋಸ್ ವೇನ್ಸ್, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಕಾಲಿನ ನಾಳಗಳು ಉಬ್ಬುವ ಈ ಕಾಯಿಲೆ, ಎಷ್ಟು ಮುಂದುವರಿದಿದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ಪಾದದ ರಕ್ತ ಹೃದಯಕ್ಕೆ ವಾಪಸ್ ಏರಬೇಕು. ಅದನ್ನು ಮೇಲೆ ತಳ್ಳುವ ಮುಖ್ಯ ಶಕ್ತಿ ಮೀನಖಂಡದ ಸ್ನಾಯು. ನಡೆದಾಗ ಅದು ಬಿಗಿಯಾಗಿ ಒಳಗಿನ ರಕ್ತನಾಳವನ್ನು ಹಿಂಡುತ್ತದೆ. ಏರಿದ ರಕ್ತ ಜಾರಿ ಬರದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಕೆಳಗಿಳಿಯುತ್ತದೆ ಅಲ್ವಾ? ಕವಾಟ ಕೆಟ್ಟ ಕಾಲಿನಲ್ಲೂ ಹಾಗೇ ಆಗುತ್ತದೆ. ಸುಮ್ನೆ ನಿಂತಾಗ ಪಾದದ ಬಳಿ ಈ ನಾಳಗಳ ಒತ್ತಡ 80ರಿಂದ 90 ಮಿ.ಮೀ. (ಬಿ.ಪಿ. ಅಳೆಯುವ ಅದೇ ಪಾದರಸದ ಅಳತೆ) ಇರುತ್ತದೆ. ಆರೋಗ್ಯವಂತರು ಹತ್ತು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ.

ಈ ಒತ್ತಡಕ್ಕೆ ಸಣ್ಣ ನಾಳಗಳಿಂದ ನೀರಿನಂಶ ಜಿನುಗುತ್ತದೆ. ಸಂಜೆ ಸಾಕ್ಸ್ ಬಿಚ್ಚಿದಾಗ ಆಳವಾದ ಗುರುತು ಕಾಣುವುದು ಇದರಿಂದಲೇ. ಕಾಲು ಭಾರ, ರಾತ್ರಿ ಮೀನಖಂಡ ಸೆಳೆತ, ಪಾದದ ಗಂಟಿನ ಹತ್ತಿರ ತುರಿಕೆ ಇವೆಲ್ಲ ಜೊತೆಗೆ ಬರಬಹುದು. ಮುಂದೆ ಕೆಂಪು ರಕ್ತಕಣಗಳೂ ಹೊರಬಿದ್ದು ಒಡೆಯುತ್ತವೆ. ಅವುಗಳ ಕಬ್ಬಿಣ ಚರ್ಮದಲ್ಲಿ ಉಳಿದು ಕಂದು-ಕಪ್ಪು ಕಲೆ ಮೂಡುತ್ತದೆ. ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಆ ಹಂತದಲ್ಲಿ ಒಂದು ಸೊಳ್ಳೆ ಕಚ್ಚಿ ಕೆರೆದರೂ ಸಾಕು, ಹುಣ್ಣಾಗಬಹುದು.

ನನಗೆ ತುಂಬಾ ಬೇಸರ ತರುವುದು ಈ ಹುಣ್ಣೇ. ವರ್ಷಗಟ್ಟಲೆ ಮುಲಾಮು ಬದಲಿಸುತ್ತಾ ಇರುವವರು ಇದ್ದಾರೆ. ನಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಮುಲಾಮು ಕೆಲವರಿಗೆ ಅಲರ್ಜಿಯಾಗಿ ತುರಿಕೆ ಇನ್ನೂ ಹರಡುತ್ತದೆ. ಕಾಲಿನ ಒತ್ತಡ ಇಳಿಸದೆ ಮೇಲೆ ಏನು ಹಚ್ಚಿದರೂ ಇದು ಮಾಯುವುದು ಕಷ್ಟ. ಆದ್ದರಿಂದ ಕಲೆ ಕಂಡಾಗಲೇ ಬನ್ನಿ. ರೋಗಿಯನ್ನು ನಿಲ್ಲಿಸಿ ಮಾಡುವ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಯಾವ ಕವಾಟ ಸೋರುತ್ತಿದೆ ಎಂದು ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಕೆಟ್ಟ ನಾಳವನ್ನು ಮುಚ್ಚಲು ಅಥವಾ ತೆಗೆಯಲು ಲೇಸರ್, ರೇಡಿಯೋ ಫ್ರೀಕ್ವೆನ್ಸಿ, ಇಂಜೆಕ್ಷನ್ ಅಥವಾ ಆಪರೇಷನ್ ಇದೆ. ಹೆಚ್ಚಿನವರು ಅದೇ ದಿನ ಇಲ್ಲವೇ ಮರುದಿನ ಮನೆಗೆ ಹೋಗುತ್ತಾರೆ. ತೊಡೆಯ ಮೇಲಿನ ಜೇಡರ ಬಲೆಯಂಥ ತೆಳು ಗೆರೆಗಳು ಮಾತ್ರ ಇದ್ದರೆ ಸಾಮಾನ್ಯವಾಗಿ ಚಿಂತೆ ಬೇಡ.

ಈ ಕಾಯಿಲೆಗೆ ಮನೆತನದ ಪಾಲಿದೆ, ಬಸಿರು ಮತ್ತು ಬೊಜ್ಜಿನ ಪಾಲೂ ಇದೆ. ಆದರೆ ಸೀರೆ ಅಂಗಡಿಯ ಹೆಣ್ಣುಮಕ್ಕಳು, ದೋಸೆ ಕಾವಲಿಯ ಮುಂದಿನ ಭಟ್ಟರು, ಟ್ರಾಫಿಕ್ ಪೊಲೀಸರು ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುತ್ತಾರಲ್ಲ, ಅದು ಬದಲಿಸಬಹುದಾದ ಸಂಗತಿ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕಾನೂನು ಇರಲಿ ಬಿಡಲಿ, ಕೌಂಟರಿನ ಹಿಂದೆ ಒಂದು ಸ್ಟೂಲ್ ಇಡುವುದು ಮಾಲೀಕರಿಗೆ ದೊಡ್ಡ ಖರ್ಚಲ್ಲ. ನಿಲ್ಲಲೇಬೇಕಾದವರು ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ನಾಲ್ಕು ಹೆಜ್ಜೆ ಓಡಾಡಿ. ಮನೆಗೆ ಬಂದು ಮಲಗಿ, ಎದೆಮಟ್ಟಕ್ಕಿಂತ ಮೇಲಿರುವಂತೆ ಕಾಲನ್ನು ದಿಂಬಿನ ಮೇಲಿಡಿ.

ಎರಡು ಸಂದರ್ಭಗಳಲ್ಲಿ ಕಾಯಬಾರದು. ಒಂದೇ ಕಾಲು ದಿಢೀರನೆ ಊದಿ, ನೋವು ಬಂದು ಬಿಸಿಯಾದರೆ ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಪರೇಷನ್, ಹೆರಿಗೆ ಅಥವಾ ದೂರದ ಪ್ರಯಾಣದ ನಂತರ ಈ ಅಪಾಯ ಜಾಸ್ತಿ. ಕಾಲು ಉಜ್ಜಬೇಡಿ, ಅದೇ ದಿನ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಇನ್ನೊಂದು, ಉಬ್ಬಿದ ನಾಳ ಒಡೆದು ರಕ್ತ ಚಿಮ್ಮುವುದು. ಸ್ನಾನದ ಮನೆಯಲ್ಲಿ ಹೀಗಾಗಿ ಗಾಬರಿಯಿಂದ ನಿಂತೇ ಇದ್ದರೆ ರಕ್ತ ಇನ್ನೂ ಹೋಗುತ್ತದೆ. ಅಲ್ಲೇ ಮಲಗಿ ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೇಲೆ ಹಗ್ಗ ಬಿಗಿಯಬೇಡಿ. ರಕ್ತ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಂಬುಲೆನ್ಸ್ ಕರೆಸಿ. ನಿಂತರೂ ಆಮೇಲೆ ಆಸ್ಪತ್ರೆಗೆ ಹೋಗಿ.

ಕಾಲನ್ನು ಹೊರಗಿನಿಂದ ಒತ್ತಿ ಹಿಡಿಯುವ ಬಿಗಿ ಸಾಕ್ಸ್ (ಕಂಪ್ರೆಷನ್ ಸ್ಟಾಕಿಂಗ್ಸ್) ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಿಂದ ನಿಜಕ್ಕೂ ಉಪಯೋಗವಿದೆ. ಕಾಲಿನ ಅಳತೆ ತೆಗೆದೇ ಕೊಳ್ಳಿ. ಬೆಳಿಗ್ಗೆ ಊತ ಬರುವ ಮುಂಚೆ, ಹಾಸಿಗೆಯಿಂದ ಇಳಿಯದೆಯೇ ಹಾಕಿ. ರಾತ್ರಿ ಮಲಗುವಾಗ ಬಿಚ್ಚಿ. ಸಕ್ಕರೆ ಕಾಯಿಲೆ ಇರುವವರು ಮತ್ತು ಬೀಡಿ-ಸಿಗರೇಟು ಸೇದುವವರು ಮೊದಲು ಪಾದದ ನಾಡಿ ಪರೀಕ್ಷಿಸಿಕೊಳ್ಳಬೇಕು. ಹೃದಯದಿಂದ ಕಾಲಿಗೆ ರಕ್ತ ತರುವ ಶುದ್ಧ ರಕ್ತದ ನಾಳ ಕಟ್ಟಿಕೊಂಡಿದ್ದರೆ ಬಿಗಿ ಸಾಕ್ಸ್‌ನಿಂದ ಕಾಲಿಗೇ ಹಾನಿ. ಆರು ತಿಂಗಳಾದ ಮೇಲೆ ಎಲಾಸ್ಟಿಕ್ ಸಡಿಲವಾಗುತ್ತದೆ. ಆಗ ಹೊಸ ಜೋಡಿ ತೆಗೆದುಕೊಳ್ಳಿ.